ವಾರ್ಡರ್ ಗಿರಿಯಪ್ಪನ ಕಾಲು ಗಂಟೆ

ಗಿರಿಯಪ್ಪ ಜೈಲಿಗೆ ಬಂದದ್ದು ಕಂಬಳಿ ಮಾರುವುದಕ್ಕೆ. ಹೀಗೆಂದರೆ ಕೇಳಿದವರು ನಗುತ್ತಾರೆ, ಆದರೆ ನಡೆದದ್ದೇ ಹಾಗೆ. ಅವನು ಕಲ್ಯಾಣದುರ್ಗದ ಕಂಬಳಿ ನೇಯುವ ಕುರುಬರ ಮನೆಯವನು. ಆಗ ಇಪ್ಪತ್ತೆರಡು ವಯಸ್ಸು, ಬೀರಕ್ಕನನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಾವ ನೇಯ್ದ ಕಂಬಳಿಗಳ ಹೊರೆ ಹೊತ್ತು ಹಿಂದೂಪುರಕ್ಕೆ ಬಂದಿದ್ದ. ಸಬ್ ಜೈಲಿನಲ್ಲಿ ಕೈದಿಗಳಿಗೆ ಕಂಬಳಿ ಬೇಕಂತೆ ಎಂದು ಯಾರೋ ಹೇಳಿದರು. ಹೊರೆಯ ಸಮೇತ ಒಳಗೆ ಹೋದರೆ ಅಂಗಳದಲ್ಲಿ ಇಬ್ಬರು ಕೈದಿಗಳು ಒಬ್ಬರ ಜುಟ್ಟು ಒಬ್ಬರು ಹಿಡಿದು ಉರುಳಾಡುತ್ತಿದ್ದರು. ವಾರ್ಡರುಗಳು ಸೀಟಿ ಊದುತ್ತಾ ಸುತ್ತ ಕುಣಿಯುತ್ತಿದ್ದರು. ಗಿರಿಯಪ್ಪ ಹೊರೆಯಿಂದ ದೊಡ್ಡ ಕಂಬಳಿಯೊಂದನ್ನು ಎಳೆದು ಇಬ್ಬರ ಮೇಲೂ ಹೊದಿಸಿ, ಅದರ ಮೇಲೆ ತಾನು ಕೂತುಬಿಟ್ಟ. ಜಗಳ ಅಲ್ಲಿಗೇ ತಣ್ಣಗಾಯಿತು.

“ಇದೇನೋ ವಿದ್ಯೆ?” ಎಂದು ಅಂದಿನ ಸಾಹೇಬರು ಕೇಳಿದರು.

“ಟಗರು ಕಾದಾಡಿದ್ರೆ ನಾವು ಹಿಂಗೇ ಮಾಡಾದು ಸಾಮಿ. ಕಣ್ಣಿಗೆ ಕತ್ಲಾದ್ರೆ ಸಿಟ್ಟು ಯಾಕ್ ಬಂದಿತ್ತು ಅಂತ್ಲೇ ಅದುಕ್ಕೆ ಮರ್ತೋಯ್ತದೆ.”

ಕಂಬಳಿಗಳೂ ಜೈಲಿನಲ್ಲಿ ಉಳಿದವು, ಗಿರಿಯಪ್ಪನೂ ಉಳಿದ. ಇಪ್ಪತ್ತಮೂರು ವರ್ಷ ಕಳೆದ ಮೇಲೆ, ಅಂದರೆ ಸಾವಿರದ ಒಂಬೈನೂರ ನಲವತ್ತೈದರ ಹೊತ್ತಿಗೆ, ಅವನು ಹೆಡ್ ವಾರ್ಡರ್. ಓದು ಬರಹ ಅಷ್ಟಕ್ಕಷ್ಟೆ. ಆದರೆ ಒಳಗೆ ಏನಾದರೂ ನಡೆದರೆ ಅವನದೊಂದು ಪದ್ಧತಿ ಇತ್ತು. ಬೇರೆಯವರು ಮೊದಲು ಕೇಳಿ ಆಮೇಲೆ ನೋಡುತ್ತಾರೆ. ಗಿರಿಯಪ್ಪ ಮೊದಲು ನೋಡುತ್ತಿದ್ದ, ಸುಮ್ಮನೆ ಕುಕ್ಕುರುಗಾಲಲ್ಲಿ ಕೂತು, ಕಂಬಳಿಯಲ್ಲಿ ಎಳೆ ತಪ್ಪಿರುವುದು ಎಲ್ಲಿ ಎಂದು ಹುಡುಕುವವನ ಹಾಗೆ. ಕೇಳುವುದು ಆಮೇಲೆ.

ಆ ವರ್ಷ ಜೈಲು ತುಂಬ ಕಂಟ್ರೋಲು ಕೇಸುಗಳೇ. ಯುದ್ಧದ ಕಾಲ, ಅಕ್ಕಿಗೂ ಕಂಟ್ರೋಲು, ನೂಲಿಗೂ ಕಂಟ್ರೋಲು. ಚಿಲಮತ್ತೂರಿನ ತಿಪ್ಪೇರುದ್ರಪ್ಪ ಎಂಬ ಐವತ್ತು ದಾಟಿದ ದವಸದ ವ್ಯಾಪಾರಿ, ಪರ್ಮಿಟ್ ಇಲ್ಲದೆ ಎರಡು ಗಾಡಿ ಅಕ್ಕಿ ಕೊಡಿಕೊಂಡದ ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದಿದ್ದ. ಲಿಂಗವಂತರ ದೊಡ್ಡ ಮನೆತನ, ಮೆತ್ತನೆ ಮಾತು. ಹಿಂದೂಪುರದ್ದೇ ನೇಕಾರರ ಬೀದಿಯ ವೆಂಕಟರಾಮಪ್ಪ ಇಪ್ಪತ್ತೈದರ ಹುಡುಗ. ನೂಲಿನ ಡಿಪೋ ಮುಂದೆ ಮೂರು ದಿನ ಸಾಲಿನಲ್ಲಿ ನಿಂತು ನೂಲು ಸಿಕ್ಕದೆ, ಗುಮಾಸ್ತೆಯನ್ನು ಕುರ್ಚಿ ಸಮೇತ ಕೆಡವಿದ್ದಕ್ಕೆ ಒಂದು ತಿಂಗಳು ಶಿಕ್ಷೆ ಬಿದ್ದಿತ್ತು. ಊರೆಲ್ಲ ಅವನನ್ನು ಮುಂಗೋಪಿ ಎನ್ನುತ್ತಿತ್ತು. ಅವನ ಬಿಡುಗಡೆಗೆ ಉಳಿದದ್ದು ನಾಲ್ಕೇ ದಿನ.

ಅಂಥ ಒಂದು ಗುರುವಾರ ಬೆಳಿಗ್ಗೆ, ಕೈದಿಗಳು ಸ್ನಾನ ಮಾಡುವ ಹೊತ್ತಿಗೆ, ಅಂಗಳದ ಬಾವಿ ಹತ್ತಿರ ಕೂಗೆದ್ದಿತು. ಗಿರಿಯಪ್ಪ ಓಡಿಬಂದಾಗ ತಿಪ್ಪೇರುದ್ರಪ್ಪ ಸ್ನಾನದ ಕಲ್ಲಿನ ಪಕ್ಕ ಬಿದ್ದಿದ್ದ. ಹಣೆ ಒಡೆದು ರಕ್ತ ಸೋರುತ್ತಿತ್ತು. ಅವನ ತಲೆಯ ಹತ್ತಿರ ವೆಂಕಟರಾಮಪ್ಪ ಕೈಯಲ್ಲಿ ಹಿತ್ತಾಳೆ ಚೆಂಬು ಹಿಡಿದು ನಿಂತಿದ್ದ. ಚೆಂಬಿನ ಮೇಲೆ ರಕ್ತ.

ಇನ್ನೊಬ್ಬ ವಾರ್ಡರ್ ಶಂಕರಯ್ಯ ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದ. “ಇನ್ನೇನು ನೋಡಾದೈತೆ ಗಿರಿಯಣ್ಣ. ಆವತ್ತು ಕುರ್ಚಿ, ಇವತ್ತು ಚೆಂಬು. ಇವ್ನ ಕೈಗೆ ಏನ್ ಸಿಕ್ಕಿದ್ರೂ ಯಾರ್ದೋ ತಲೇಗೆ ಹೋಯ್ತದೆ.”

“ನಾನು ಹೊಡೀಲಿಲ್ಲ ಸಾಮಿ. ಆಯಪ್ಪನೇ ಹಿಂದ್ಲಿಂದ ಬಂದು ಕುತ್ಗೆ ಹಿಡ್ಕಂಬುಟ್ಟ. ಬಿಡಿಸ್ಕಳಾಕೆ ತಳ್ಳಿದೆ, ಜಾರಿ ಬಿದ್ದ. ರಕ್ತ ನೋಡಿ ನೀರು ಹುಯ್ತಿದ್ದೆ” ಎಂದ ವೆಂಕಟರಾಮಪ್ಪ.

“ಯಾಕ್ಲಾ ಹಿಡೀತಾರೆ ಅವ್ರು ನಿನ್ ಕುತ್ಗೆ? ನಿನ್ ಕುತ್ಗೇಲಿ ಬಂಗಾರ ಐತಾ?” ಎಂದ ಶಂಕರಯ್ಯ.

“ಎಂದುಕೋ ನಾಕೇಮಿ ತೆಲುಸು ಸಾಮಿ. ನಂಗೇನ್ ಗೊತ್ತು, ಅವ್ರನ್ನೇ ಕೇಳಿ.”

ಅವರನ್ನೇ ಕೇಳಿದರು. ತಿಪ್ಪೇರುದ್ರಪ್ಪ ಕಣ್ಣು ತೆರೆದ, ಸುತ್ತ ಏನನ್ನೋ ಹುಡುಕಿದ, ಮತ್ತೆ ಮುಚ್ಚಿದ. ಬಾಯಿ ಬಿಡಲಿಲ್ಲ. ಗಾಯಕ್ಕೆ ಬಟ್ಟೆ ಕಟ್ಟಿ ಅವನನ್ನು ಅವನ ಕೋಣೆಗೆ ಹಾಕಿ ಬೀಗ ಜಡಿದರು. ವೆಂಕಟರಾಮಪ್ಪನನ್ನು ಎದುರು ಕೋಣೆಗೆ ತಳ್ಳಿದರು.

ಜೈಲಿನ ಮೇಲುಸ್ತುವಾರಿ ತಾಲೂಕು ಕಚೇರಿಯ ಶಿರಸ್ತೆದಾರ್ ಸೋಮಶೇಖರಪ್ಪನವರದು. ಅವರೂ ಲಿಂಗವಂತರೇ. ತನ್ನವರ ಮುಂದೆಯಾದರೂ ವ್ಯಾಪಾರಿ ಬಾಯಿ ಬಿಟ್ಟಾನು ಎಂದು ಎಲ್ಲರೂ ಅಂದುಕೊಂಡರು. ಸೋಮಶೇಖರಪ್ಪನವರು ಸರಳುಗಳ ಆಚೆ ನಿಂತು ಕನ್ನಡದಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು, ಚಿಲಮತ್ತೂರಿನ ನೆಂಟರ ಹೆಸರು ಹೇಳಿ ಕೇಳಿದರು. ಅವರು ಹತ್ತಿರವಾದಷ್ಟೂ ತಿಪ್ಪೇರುದ್ರಪ್ಪ ಗೋಡೆಯ ಕಡೆಗೆ ಸರಿದ.

“ಹೆದರಿದ್ದಾನೆ ಪಾಪ” ಎಂದರು ಶಿರಸ್ತೆದಾರರು ಹೊರಗೆ ಬಂದು. “ನಾಳೆ ಹನ್ನೊಂದು ಗಂಟೆಗೆ ಪೆನುಕೊಂಡದಿಂದ ಸಬ್ ಕಲೆಕ್ಟರು ಬರುತ್ತಾರೆ ಗಿರಿಯಪ್ಪ. ಅಷ್ಟರೊಳಗೆ ನಿನ್ನ ವಿಚಾರಣೆ ಮುಗಿದು ರಿಪೋರ್ಟು ನನ್ನ ಮೇಜಿನ ಮೇಲೆ ಇರಬೇಕು. ಬೇರೇನೂ ಸಿಗದಿದ್ದರೆ ಹುಡುಗನ ಮೇಲೆ ಕೇಸು. ಬಳ್ಳಾರಿ ಜೈಲು, ಕಡಿಮೆ ಎಂದರೂ ಆರು ತಿಂಗಳು.”

ಈ ಮಾತು ಗೇಟಿನ ಹೊರಗೆ ಹೇಗೆ ಹೋಯಿತೋ, ಸ್ವಲ್ಪ ಹೊತ್ತಿಗೆ ವೆಂಕಟರಾಮಪ್ಪನ ಹೆಂಡತಿ ಬನಶಂಕರಮ್ಮ ಬಂದಳು. ತುಂಬು ಬಸುರಿ. ಗೇಟಿನ ಮುಂದಿನ ಬೇವಿನ ಮರದ ಬುಡದಲ್ಲಿ ಕೂತಳು, ಅಳಲಿಲ್ಲ.

“ಸೋಮಾರ ಬಿಡ್ತಾರೆ ಅಂತ ಇದ್ದೆ ಅಣ್ಣಯ್ಯ. ಮಗ್ಗದ ಮೇಲೆ ಅರ್ಧ ಸೀರೆ ಅಂಗೇ ನಿಂತೈತೆ. ದಿನಾ ಧೂಳು ಒರೆಸ್ತಿದೀನಿ. ಆರು ತಿಂಗ್ಳಾದ್ರೆ ಮಗ್ಗ ಬೇರೆಯೋರಿಗೆ ಕೊಟ್ಬುಡ್ತಾರೆ. ಮಗೂ ಹುಟ್ಬುಡ್ತದೆ.”

“ಇನ್ನೂ ಏನೂ ಆಗಿಲ್ಲ ಕಣಮ್ಮ. ಮನೇಗೋಗು, ಬಿಸ್ಲು” ಎಂದ ಗಿರಿಯಪ್ಪ. ಹೇಳಿದನೇ ಹೊರತು ಅವನಿಗೂ ದಾರಿ ಕಾಣುತ್ತಿರಲಿಲ್ಲ.

ಅವನು ತನ್ನ ಪದ್ಧತಿಯಂತೆ ನೋಡಲು ಹೊರಟ. ಚೆಂಬನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ತಗ್ಗಿಲ್ಲ. ರಕ್ತ ನೀರಿನ ಜೊತೆ ಕಲೆತು ಕಂಠದಿಂದ ಕೆಳಕ್ಕೆ ಇಳಿದಿತ್ತು. ವ್ಯಾಪಾರಿಯ ಗಾಯದ ಬಟ್ಟೆ ಬದಲಿಸುವ ನೆಪದಲ್ಲಿ ಹಣೆ ನೋಡಿದ. ಗಾಯದ ಅಂಚಿನಲ್ಲಿ ಹಸಿರು ಪಾಚಿ. ಸ್ನಾನದ ಕಲ್ಲಿನ ಮೂಲೆಯಲ್ಲೂ ಅದೇ ಪಾಚಿ, ಒಂದು ಕಡೆ ಕೆರೆದು ಹೋಗಿತ್ತು. ವೆಂಕಟರಾಮಪ್ಪನ ಕುತ್ತಿಗೆಯ ಹಿಂದೆ ಐದು ಉಗುರಿನ ಗೀರು. ಹುಡುಗ ಹೇಳಿದ್ದು ನಿಜ ಎಂದು ಗಿರಿಯಪ್ಪನಿಗೆ ಗೊತ್ತಾಗಿ ಹೋಯಿತು.

ಆದರೆ ನಿಜವೊಂದೇ ಸಾಲದಲ್ಲ. ಒಂದು ತಿಂಗಳಿಂದ ಯಾರಿಗೂ ಎದುರು ಮಾತಾಡದ ದೊಡ್ಡ ಮನುಷ್ಯ, ಬೆಳಗಿನ ಹೊತ್ತು ಸ್ನಾನ ಮಾಡಿದ ಕೈಯಲ್ಲಿ, ಮಗನ ವಯಸ್ಸಿನವನ ಕುತ್ತಿಗೆ ಯಾಕೆ ಹಿಡಿಯುತ್ತಾನೆ? ಸಬ್ ಕಲೆಕ್ಟರು ಕೇಳುವ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಇಲ್ಲದಿದ್ದರೆ ಪಾಚಿಯನ್ನು ಯಾರು ಕೇಳುತ್ತಾರೆ.

ಮಧ್ಯಾಹ್ನ ರಾಗಿಮುದ್ದೆ ಬಂತು. ತಿಪ್ಪೇರುದ್ರಪ್ಪ ಮುಟ್ಟಲಿಲ್ಲ. ನೀರನ್ನಾದರೂ ಕುಡಿಯಿರಿ ಯಜಮಾನರೇ ಎಂದು ಗಿರಿಯಪ್ಪ ಚೆಂಬು ಒಡ್ಡಿದರೆ ಅದನ್ನೂ ಒಲ್ಲೆ ಎಂದು ತಲೆಯಾಡಿಸಿದ. ಆ ಬಿಸಿಲಿಗೆ ತುಟಿ ಒಣಗಿ ಬಿರಿದಿತ್ತು. ಸರಳು ಹಿಡಿದು ಅಂಗಳದ ಕಡೆಗೇ ನೋಡುತ್ತಿದ್ದ.

“ಉಪವಾಸ ಸತ್ಯಾಗ್ರಹ” ಎಂದು ಶಂಕರಯ್ಯ ನಕ್ಕ. “ಎದುರ್ಗಡೆ ರೂಮ್ನಲ್ಲಿರೋ ಅವನನ್ನ ದುರುಗುಟ್ಕೊಂಡು ನೋಡ್ತಾವ್ನೆ ನೋಡು.”

ಗಿರಿಯಪ್ಪ ತಾನೂ ಆ ಸರಳಿನ ಎತ್ತರಕ್ಕೆ ಕೂತು ನೋಡಿದ. ತಿಪ್ಪೇರುದ್ರಪ್ಪನ ಕಣ್ಣು ಎದುರು ಕೋಣೆಯ ಮೇಲೆ ಇರಲಿಲ್ಲ. ಸ್ನಾನದ ಕಲ್ಲಿನಿಂದ ಹೊರಟ ನೀರಿನ ಕಾಲುವೆಯ ಮೇಲಿತ್ತು. ಆ ಕಾಲುವೆ ಅಂಗಳ ದಾಟಿ, ಗೋಡೆ ಪಕ್ಕದ ದಂಟಿನ ಸೊಪ್ಪಿನ ಪಾತಿಗಿಂತ ಮೊದಲು ಒಂದು ಗುಂಡಿಗೆ ಬೀಳುತ್ತಿತ್ತು.

ಊಟಕ್ಕೆ ಮನೆಗೆ ಹೋದವನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಬೀರಕ್ಕ ಸ್ವಲ್ಪ ಹೊತ್ತು ನೋಡಿದಳು.

“ಮುದ್ದೆ ಏನು ಸಾಕ್ಷಿ ಹೇಳ್ತದಾ? ಅಂಗ್ ನೋಡ್ತಿದೀಯಲ್ಲ. ನುಂಗು.”

ಗಿರಿಯಪ್ಪ ನಡೆದದ್ದನ್ನೆಲ್ಲ ಹೇಳಿದ. ಬೀರಕ್ಕ ಕೇಳುತ್ತಾ ಕೇಳುತ್ತಾ ಸಾರಿನ ಸೌಟು ಕೆಳಗಿಟ್ಟಳು.

“ನೀರೂ ಮುಟ್ಟಿಲ್ವಾ?”

“ಬೆಳಗ್ನಿಂದ ತೊಟ್ಟು ನೀರು ಕುಡ್ದಿಲ್ಲ.”

“ನಮ್ಮೂರ ಹಂಪಕ್ಕ ಒಂದ್ ದಪ ಹಿಂಗೇ ಮಾಡಿದ್ಲು. ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆ, ನೀನೂ ನೋಡಿದೀಯ, ಲಿಂಗವಂತ್ರೋಳು. ಕಳ್ಳೆಕಾಯಿ ಬಿಡಿಸ್ವಾಗ ಶಿವದಾರ ಕಿತ್ತೋಗಿ ಲಿಂಗ ರಾಶೀಲಿ ಬಿದ್ದೋಗಿತ್ತು. ಲಿಂಗಕ್ಕೆ ಪೂಜೆ ಆಗ್ದೆ ಅವರು ಬಾಯಿಗೆ ನೀರು ಬಿಟ್ಕಳಲ್ಲ ಕಣೋ. ಕಳ್ದೋಗದೆ ಅಂತ ಯಾರ್ಗೂ ಹೇಳಂಗೂ ಇಲ್ಲ, ಪ್ರಾಣ ಹೋದಂಗೆ ಅವರ್ಗೆ. ರಾಶಿ ಮುಂದೆ ಕೂತು ಬರೇ ನೋಡ್ತಾ ಇದ್ಲು. ನಮ್ಮವ್ವ ಗೊತ್ತು ಹಿಡಿದು ಜರಡಿ ತಂದು ಕೊಟ್ಲು.”

“ಆಯಪ್ಪನ ಕುತ್ಗೇಲಿ ಬೆಳ್ಳಿ ಕರಡಿಗೆ ಐತಲ್ಲ. ಲಿಂಗ ಇಡೋ ಡಬ್ಬಿ. ನಾನೇ ನೋಡ್ದೆ, ಶಿರಸ್ತೆದಾರ್ರೂ ನೋಡವ್ರೆ.”

“ಗೂಡು ಐತೆ ಅಂದ್ರೆ ಒಳಗೆ ಗಿಣಿ ಐತೆ ಅಂತಾನಾ?” ಎಂದಳು ಬೀರಕ್ಕ.

ಗಿರಿಯಪ್ಪ ಮುದ್ದೆಯನ್ನು ಎರಡೇ ತುತ್ತಿಗೆ ನುಂಗಿ ಎದ್ದ.

“ಸಿಕ್ಕಿದ್ರೆ ನೀನು ಮುಟ್ಬ್ಯಾಡ” ಎಂದು ಅವಳು ಬಾಗಿಲಿನ ತನಕ ಬಂದಳು. “ಬೇರೆಯೋರು ಮುಟ್ಬಾರ್ದು ಅದನ್ನ. ನಮ್ಮವ್ವ ಜರಡಿ ಕೊಟ್ಟು ಅತ್ಲಾಗೆ ತಿರುಕ್ಕೊಂಡಿದ್ಲು.”

ಸಂಜೆ ನಾಲ್ಕಕ್ಕೆ ಗಿರಿಯಪ್ಪ ಕೈದಿಗಳನ್ನೆಲ್ಲ ಕೋಣೆಗಳಿಗೆ ಹಾಕಿಸಿ, ಶಂಕರಯ್ಯನನ್ನು ಗೇಟಿಗೆ ಕಳಿಸಿದ. ನಾಳೆ ಸಾಹೇಬರು ಬರುತ್ತಾರೆ, ಕಾಲುವೆ ನಾರುತ್ತಿದೆ, ಚೊಕ್ಕ ಮಾಡಬೇಕು ಎಂದ. ಹೆಡ್ ವಾರ್ಡರ್ ತಾನೇ ಪಂಚೆ ಎತ್ತಿಕಟ್ಟಿ ಬಚ್ಚಲ ಗುಂಡಿಗೆ ಇಳಿದದ್ದನ್ನು ನೋಡಿ ಶಂಕರಯ್ಯ, “ಪ್ರಮೋಷನ್ ಬತ್ತದೆ ಬಿಡು ಗಿರಿಯಣ್ಣ, ಜಾಡಮಾಲಿ ಪೋಸ್ಟ್‌ಗೆ” ಎಂದು ಹೋದ.

ಗಿರಿಯಪ್ಪ ಗುಂಡಿಯ ಕೆಸರನ್ನು ಸಲಿಕೆಯಲ್ಲಿ ಮೇಲೆತ್ತಿ ಗೋಣಿಯ ಮೇಲೆ ತೆಳ್ಳಗೆ ಹರವಿದ. ಮೇಲೆ ನಿಧಾನವಾಗಿ ನೀರು ಬಿಟ್ಟ. ಮೊದಲ ಹರವಿನಲ್ಲಿ ಸೀಗೆಕಾಯಿ ಸಿಪ್ಪೆ, ಒಡೆದ ಅಂಗಿ ಗುಂಡಿ, ಬೀಡಿ ತುಂಡು. ಎರಡನೆಯದರಲ್ಲೂ ಅಷ್ಟೇ. ಕೋಣೆಯ ಸರಳುಗಳ ಹಿಂದೆ ತಿಪ್ಪೇರುದ್ರಪ್ಪ ಎದ್ದು ನಿಂತಿದ್ದ. ಮೂರನೆಯ ಹರವಿಗೆ ನೀರು ಬಿಟ್ಟಾಗ ಕೆಸರು ಕರಗಿ, ನೇರಳೆ ಹಣ್ಣಿನಂಥದೊಂದು ಕಪ್ಪಗೆ ನುಣ್ಣಗೆ ಹೊಳೆಯಿತು.

ಗಿರಿಯಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಹೋಗಿ ಕೋಣೆಯ ಬೀಗ ತೆಗೆದ.

“ಯಜಮಾನ್ರೇ, ಬನ್ನಿ. ಗೋಣಿ ಮೇಲೆ ಏನೋ ಐತೆ. ನಾನು ಮುಟ್ಟಿಲ್ಲ. ಚೆಂಬು ಉಜ್ಜಿ ಬಾವಿ ಕಟ್ಟೆ ಮೇಲೆ ಇಟ್ಟಿದೀನಿ, ನೀರು ಸೇದಿಟ್ಟಿದೀನಿ. ನಾನು ಅತ್ಲಾಗೆ ತಿರುಕ್ಕೊಂಡಿರ್ತೀನಿ.”

ಅವನು ದಂಟಿನ ಸೊಪ್ಪಿನ ಪಾತಿಯ ಕಡೆ ಮುಖ ಮಾಡಿ ನಿಂತ. ಹಿಂದೆ ಓಡುವಂಥ ಹೆಜ್ಜೆ ಸದ್ದು, ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ನೀರು ಸುರಿಯುವ ಸದ್ದು. ಅದರ ಹಿಂದೆಯೇ ತಡವರಿಸುತ್ತಾ ಶುರುವಾದ ಮಂತ್ರ ಬರಬರುತ್ತಾ ಒಂದೇ ಸಮ ಆಯಿತು. ಕಾಲು ಗಂಟೆ ಹೀಗೇ ಕಳೆಯಿತು. ಗಿರಿಯಪ್ಪ ಅಷ್ಟು ಹೊತ್ತೂ ದಂಟಿನ ಎಲೆ ಎಣಿಸುತ್ತಾ ನಿಂತಿದ್ದ.

“ಗಿರಿಯಪ್ಪ, ಒಂದು ಚೆಂಬು ಕುಡಿಯೋ ನೀರು ಕೊಡಪ್ಪ.”

ಕೊಟ್ಟ. ತಿಪ್ಪೇರುದ್ರಪ್ಪ ಎತ್ತಿದ ಚೆಂಬು ಇಳಿಸದೆ ಕುಡಿದ. ಆಮೇಲೆ ಯಾರೂ ಕೇಳದೆಯೇ ಮಾತು ಬಂತು.

“ಅಂಗೈ ಮೇಲೆ ಇಟ್ಕೊಂಡು ಕಣ್ಮುಚ್ಕೊಂಡಿದ್ದೆ. ಆ ಹುಡುಗ ಬಕೀಟು ತಂದು ದಡ್ ಅಂತ ಪಕ್ಕದಲ್ಲಿಟ್ಟ. ಮೊಣಕೈಗೆ ತಾಕಿ ಕೈಯಿಂದ ಹೋಗ್ಬುಡ್ತು. ಹರಿಯೋ ನೀರು, ಕಣ್ಣಿಗೆ ಕಾಣ್ಲಿಲ್ಲ. ಆಮೇಲೆ ನಾನೇನು ಮಾಡ್ದೆ ಅಂತ ನಂಗೇ ಗೊತ್ತಿಲ್ಲ. ಅವನ ಕುತ್ತಿಗೆ ನನ್ನ ಕೈಲಿತ್ತು. ಅವನ್ಗೆ ಬಕೀಟು ತಾಕಿದ್ದೇ ಗೊತ್ತಿಲ್ಲ ಪಾಪ.”

“ಶಿರಸ್ತೆದಾರ್ರು ನಿಮ್ಮೋರೇ ಅಲ್ವಾ. ಅವರ್ಗಾದ್ರೂ ಹೇಳ್ಬೋದಿತ್ತು.”

“ನಮ್ಮೋರು ಅಂತ್ಲೇ ಹೇಳ್ಲಿಲ್ಲ. ಜೈಲ್ಗೋದ ಅಂತ ಒಂದು ಮಾತಾಗದೆ. ಜೈಲಲ್ಲಿ ಲಿಂಗ ಕಳ್ಕೊಂಡ ಅಂತ ಇನ್ನೊಂದಾದ್ರೆ ಚಿಲಮತ್ತೂರ್ಗೆ ಹೆಂಗೆ ಹೋಗ್ಲಿ?” ತಿಪ್ಪೇರುದ್ರಪ್ಪ ತಲೆ ತಗ್ಗಿಸಿದ. “ಆ ಹುಡುಗನ್ನ ಬಳ್ಳಾರಿಗೆ ಕಳಿಸಿದ್ರೂ ನಾನು ಬಾಯಿ ಬಿಡ್ತಿರ್ಲಿಲ್ವೇನೋ. ಬೆಳಗ್ನಿಂದ ಅದೂ ಸುಡ್ತಿತ್ತು, ಇದೂ ಸುಡ್ತಿತ್ತು.”

ಸಮಾಧಾನ ಹೇಳುವುದು ಗಿರಿಯಪ್ಪನಿಗೆ ಬರುತ್ತಿರಲಿಲ್ಲ. “ಅದೆಲ್ಲ ನಂಗೊತ್ತಿಲ್ಲ ಯಜಮಾನ್ರೇ. ಲಿಂಗದ ಮಾತು ಈ ಗುಂಡಿ ದಾಟಿ ಹೋಗಲ್ಲ. ನಾಳೆ ಹನ್ನೊಂದು ಗಂಟೆ ಒಂದೇ ನಂಗೊತ್ತಿರಾದು. ಆ ಹುಡುಗನ ಹೆಂಡ್ತಿ ಬೆಳಗ್ಗೆ ಬೇವಿನ ಮರದ ಕೆಳಗೆ ಕುಂತಿದ್ಲು, ತುಂಬಿದ ಬಸ್ರಿ.”

ತಿಪ್ಪೇರುದ್ರಪ್ಪ ಎದ್ದು ತಾನಾಗಿಯೇ ಕೋಣೆಗೆ ಹೋದ. ಆ ರಾತ್ರಿ ಗಿರಿಯಪ್ಪ ನಿದ್ದೆ ಮಾಡಿದನೋ ಇಲ್ಲವೋ, ಬೀರಕ್ಕನೇ ಹೇಳಬೇಕು.

ಮರುದಿನ ಸಬ್ ಕಲೆಕ್ಟರು ಹನ್ನೊಂದಕ್ಕೆ ಸರಿಯಾಗಿ ಬಂದು ಶಿರಸ್ತೆದಾರರ ಕುರ್ಚಿಯಲ್ಲಿ ಕೂತರು. ಗಿರಿಯಪ್ಪನ ರಿಪೋರ್ಟು ಸೋಮಶೇಖರಪ್ಪನವರ ಕೈಬರಹದಲ್ಲಿ ಐದೇ ಸಾಲು: ಚೆಂಬಿನಲ್ಲಿ ತಗ್ಗಿಲ್ಲ, ಗಾಯದಲ್ಲಿ ಪಾಚಿ ಇದೆ, ಕಲ್ಲಿನಲ್ಲೂ ಪಾಚಿ ಇದೆ, ಕುತ್ತಿಗೆಯಲ್ಲಿ ಗೀರು ಇದೆ, ಕಾರಣ ಗಾಯಗೊಂಡವರೇ ಹೇಳಬೇಕು.

ತಿಪ್ಪೇರುದ್ರಪ್ಪನನ್ನು ಕರೆತಂದರು. ಹಣೆಯ ಬಟ್ಟೆಯ ಕೆಳಗೆ ಹೊಸದಾಗಿ ಇಟ್ಟ ವಿಭೂತಿ ಎದ್ದು ಕಾಣುತ್ತಿತ್ತು. ಯಾರೂ ಪ್ರಶ್ನೆ ಕೇಳುವ ಮೊದಲೇ ಅವನು ಮಾತಾಡಿದ.

“ತಪ್ಪು ನಂದೇ. ನಾನೇ ಮೊದಲು ಅವನ ಕುತ್ತಿಗೆ ಹಿಡಿದೆ. ಅವನು ಬಿಡಿಸ್ಕೊಂಡ. ನಾನು ಪಾಚಿ ಮೇಲೆ ಜಾರಿ ಬಿದ್ದೆ. ಅವನು ನನ್ ಗಾಯಕ್ಕೆ ನೀರು ಹಾಕ್ತಿದ್ದ, ಅಷ್ಟೆ.”

“ಯಾಕೆ ಹಿಡಿದೆ?” ಎಂದರು ಸಬ್ ಕಲೆಕ್ಟರು.

“ಸಿಟ್ಟು ಬಂತು.”

“ಯಾಕೆ ಸಿಟ್ಟು?”

ತಿಪ್ಪೇರುದ್ರಪ್ಪ ಹಣೆಯ ಬಟ್ಟೆ ಸರಿಮಾಡಿಕೊಂಡ. ಗಿರಿಯಪ್ಪ ನೆಲ ನೋಡಿದ. ಆಗ ಸೋಮಶೇಖರಪ್ಪನವರು ವ್ಯಾಪಾರಿಯ ವಿಭೂತಿ ನೋಡಿದರು. ನಿನ್ನೆ ಅದು ಇರಲಿಲ್ಲ. ನಿನ್ನೆಯ ಒಡೆದ ತುಟಿ ಇವತ್ತು ಒದ್ದೆಯಾಗಿತ್ತು. ಗಿರಿಯಪ್ಪನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕರಿ ಕೆಸರು ನೋಡಿದರು. ಅವರ ಕೈ ತಾನಾಗಿಯೇ ತಮ್ಮ ಅಂಗಿಯ ಒಳಗಿನ ಕರಡಿಗೆಯ ಮೇಲೆ ಹೋಯಿತು.

“ಸರ್” ಎಂದರು ಅವರು ಮೆಲ್ಲಗೆ, “ಪೂಜೆಯ ಹೊತ್ತಿನಲ್ಲಿ ಪಕ್ಕದಲ್ಲಿ ನೀರು ಸೇದುತ್ತಿದ್ದರು. ಭಂಗವಾಗಿದೆ. ಅದು ಈ ಹುಡುಗನ ತಪ್ಪಲ್ಲ, ಸ್ನಾನಕ್ಕೂ ಪೂಜೆಗೂ ಒಂದೇ ಕಲ್ಲು ಕೊಟ್ಟ ನಮ್ಮ ತಪ್ಪು.”

ಸಬ್ ಕಲೆಕ್ಟರು ಮೂವರ ಮುಖವನ್ನೂ ನೋಡಿ ಪೆನ್ನು ತೆಗೆದರು. ಒಳ್ಳೆಯ ನಡತೆಗೆಂದು ತಿಪ್ಪೇರುದ್ರಪ್ಪನಿಗೆ ಸಿಕ್ಕಿದ್ದ ಆರು ದಿನದ ಮಾಫಿ ರದ್ದಾಯಿತು. ಅವನು ಕೈಮುಗಿದ. ವೆಂಕಟರಾಮಪ್ಪನ ಹೆಸರಿನ ಮುಂದೆ ಬರೆದದ್ದು ಒಂದೇ ಮಾತು: ಸೋಮವಾರ.

ಸೋಮವಾರ ಬೆಳಿಗ್ಗೆ ಬನಶಂಕರಮ್ಮ ಮತ್ತೆ ಬೇವಿನ ಮರದ ಕೆಳಗಿದ್ದಳು. ಗೇಟು ದಾಟುವ ಮೊದಲು ವೆಂಕಟರಾಮಪ್ಪ ಗಿರಿಯಪ್ಪನ ಕಿವಿಯ ಹತ್ತಿರ ಬಂದ.

“ಎಲ್ಲಾ ಸರಿ ಸಾಮಿ. ಆಯಪ್ಪ ನನ್ ಕುತ್ಗೆ ಯಾಕ್ ಹಿಡಿದ ಅಂತ ಮಾತ್ರ ಇವತ್ತಿಗೂ ಗೊತ್ತಾಗ್ಲಿಲ್ಲ.”

“ಬಕೀಟು ಇಡುವಾಗ ಮೆಲ್ಲಗೆ ಇಡು ಕಣಪ್ಪ” ಎಂದ ಗಿರಿಯಪ್ಪ. “ಕೂಸು ಬತ್ತಾ ಐತೆ ಮನೇಗೆ. ಈಗ್ಲಿಂದ್ಲೇ ಅಭ್ಯಾಸ ಮಾಡ್ಕೋ.”

ಅವತ್ತೇ ಶಿರಸ್ತೆದಾರರ ಅಪ್ಪಣೆಯಂತೆ ಗಿರಿಯಪ್ಪ ಸ್ನಾನದ ಕಲ್ಲಿನ ಪಾಚಿ ಉಜ್ಜಿಸಿದ. ಬಾವಿಯ ಆಚೆ ಬದಿಗೆ ಇನ್ನೊಂದು ಚಪ್ಪಡಿ ಹಾಕಿಸಿದ. ಬೆಳಿಗ್ಗೆ ಸ್ನಾನವಾದ ಮೇಲೆ ಕಾಲು ಗಂಟೆ ಯಾರೂ ಬಕೀಟು ಮುಟ್ಟುವ ಹಾಗಿಲ್ಲ. ಪೂಜೆ ಮಾಡುವವರು ಪೂಜೆ ಮಾಡಲಿ, ನಮಾಜು ಮಾಡುವವರು ನಮಾಜು ಮಾಡಲಿ, ಏನೂ ಇಲ್ಲದವರು ಸುಮ್ಮನೆ ಕೂರಲಿ. ಮೊದಮೊದಲು ಕೈದಿಗಳು ಗೊಣಗಿದರು. ಆಮೇಲೆ ಜೈಲಿನಲ್ಲಿ ಅದೊಂದೇ ತಮ್ಮ ಹೊತ್ತು ಎಂಬಂತೆ ಅದಕ್ಕೆ ಕಾಯತೊಡಗಿದರು.

ಮೇ ತಿಂಗಳಲ್ಲಿ ತಿಪ್ಪೇರುದ್ರಪ್ಪ ಬಿಡುಗಡೆಯಾದ. ಮೊದಲು ಮಠಕ್ಕೆ ಹೋಗಿ ಅಯ್ಯನವರಿಗೆ ಎಲ್ಲ ಹೇಳಿಕೊಳ್ಳುತ್ತೇನೆ, ಆಮೇಲೆ ಊರು ಎಂದ. ಎರಡು ಹೆಜ್ಜೆ ಹೋದವನು ತಿರುಗಿ ಬಂದ.

“ಗಿರಿಯಪ್ಪ, ನೇಕಾರರ ಬೀದಿಗೆ ಯಾವ ಕಡೆಯಿಂದ ಹೋಗ್ಬೇಕು?”

ಗಿರಿಯಪ್ಪ ಗೇಟಿನಿಂದ ಆಚೆ ಬಂದು, ಬೀದಿಯ ತಿರುವಿನವರೆಗೂ ಜೊತೆಗೆ ನಡೆದು ತೋರಿಸಿದ. ಅಲ್ಲಿ ಏನು ಮಾತಾಯಿತೋ ಅವನು ಕೇಳಲು ಹೋಗಲಿಲ್ಲ. ಆ ವರ್ಷ ದೀಪಾವಳಿಗೆ ಮಾತ್ರ ಬೀರಕ್ಕನಿಗೆ ಅಂಚಿಗೆ ಗಿಣಿ ಸಾಲು ನೇಯ್ದ ಸೀರೆಯೊಂದು ಬಂತು. ತಂದುಕೊಟ್ಟವಳು ಸೊಂಟದ ಮೇಲೆ ಕೂಸು ಹೊತ್ತ ಬನಶಂಕರಮ್ಮ. ನೂಲಿಗೆ ಪರ್ಮಿಟ್ ಕೊಡಿಸಲು ಚಿಲಮತ್ತೂರಿನ ಯಜಮಾನರು ಮೂರು ಸಲ ಕಚೇರಿಗೆ ಅಲೆದರು ಎಂದಳು.

ಐವತ್ತೆರಡರಲ್ಲಿ ನಿವೃತ್ತಿಯಾಗಿ ಗಿರಿಯಪ್ಪ ಕಲ್ಯಾಣದುರ್ಗಕ್ಕೆ ವಾಪಸಾದ, ಮಾವನ ಹಳೆಯ ಕಂಬಳಿ ಮಗ್ಗ ದುರಸ್ತಿ ಮಾಡಿಸಿಕೊಂಡ. ಒಮ್ಮೆ ಶಂಕರಯ್ಯ ಕಂಬಳಿ ಕೊಳ್ಳಲು ಬಂದವನು ಜಗುಲಿಯ ಮೇಲೆ ಕೂತು ಜೈಲಿನ ಸುದ್ದಿ ಹೇಳಿದ. ಎಲ್ಲ ಬದಲಾಗಿದೆ, ಆದರೆ ಬೆಳಿಗ್ಗೆ ಬಕೀಟು ಮುಟ್ಟದ ಹೊತ್ತು ಹಾಗೇ ಇದೆ. ಯಾಕೆ ಎಂದು ಹೊಸ ವಾರ್ಡರು ಕೇಳಿದರೆ ಕೈದಿಗಳೇ ಹೇಳುತ್ತಾರಂತೆ, ಗೊತ್ತಿಲ್ಲ ಸಾಮಿ, ಇದು ಗಿರಿಯಪ್ಪನ ಕಾಲು ಗಂಟೆ ಅಂತ.

ಗಿರಿಯಪ್ಪ ಲಾಳಿ ತಳ್ಳುತ್ತಾ ಏನೂ ಕೇಳಿಸದವನಂತೆ ಇದ್ದ. ಒಳಗಿನಿಂದ ಮಜ್ಜಿಗೆ ತಂದ ಬೀರಕ್ಕ ಚೆಂಬನ್ನು ಶಂಕರಯ್ಯನ ಮುಂದೆ ಇಟ್ಟಳು.

“ಗೊತ್ತು ಹಿಡಿದೋಳು ನಾನು. ಹೆಸ್ರು ಇವನ್ದಾ?”

“ಗುಂಡೀಗೆ ಇಳಿದೋನು ನಾನಲ್ವಾ” ಎಂದ ಗಿರಿಯಪ್ಪ, ತಲೆ ಎತ್ತದೆ.